ತಗಡಿನ ಅಂಚಿಗೆ ಸಿಕ್ಕ ದಾರ

ಅವ್ವನ ಹಳೆ ನೂಲಿನ ಸೀರೆಯ ತುಂಡು ಹಿಡಿದು ತಗಡಿನ ಅಂಚು ಒರೆಸುತ್ತಿದ್ದೆ. ಆ ತುದಿಯಿಂದ ಈ ತುದಿಗೆ. ತಿರುಗಿಸಿ ಮತ್ತೊಮ್ಮೆ. ನಡುವೆ ಒಂದು ಕಡೆ ಬಟ್ಟೆ ಜಗ್ಗಿತು. ಒಂದು ದಾರ ಅಂಚಿಗೆ ಸಿಕ್ಕಿಕೊಂಡಿತ್ತು.

ನಾನು ಕುರುಗೋಡಿನ ಭಾಗ್ಯ. ಏಳನೇ ತರಗತಿಗೆ ಶಾಲೆ ಬಿಟ್ಟೆ. ಈಗ ಬಳ್ಳಾರಿಯ ಒಂದು ಶೆಡ್ಡಿನಲ್ಲಿ ಕೆಲಸ. ಅಲ್ಲಿ ಬಸ್ಸಿನ ಚಾವಣಿ ಹೊರುವ ಅಲ್ಯೂಮಿನಿಯಂ ಬಾಗುಗಳನ್ನು, ಅಂದರೆ ಕಮಾನುಗಳನ್ನು, ಮಾಡುತ್ತಾರೆ. ತಗಡಿನ ಎರಡೂ ತುದಿಯನ್ನು ಮಷಿನ್ನಿನ ದವಡೆಗಳು ಕಚ್ಚಿ, ಎಳೆಯುತ್ತಲೇ ಅಚ್ಚಿನ ಮೇಲೆ ಬಗ್ಗಿಸುತ್ತವೆ. ಬಿಟ್ಟ ಮೇಲೂ ಬಾಗು ಹಾಗೇ ನಿಲ್ಲುತ್ತದೆ. ಒಂದು ಕೈಯಲ್ಲಿ ಎತ್ತಬಹುದು, ಅಷ್ಟು ಹಗುರ. ಆದರೆ ಗಟ್ಟಿ. ಎಳೆಯುವ ಮೊದಲು ತಗಡು ಒರೆಸುವುದು ನನ್ನ ಪಾಲಿನ ಕೆಲಸ.

ಅವ್ವ ಮಾತ್ರ ನಗುತ್ತಿದ್ದಳು. "ಒರಸಾಕ ಬಳ್ಳಾರಿಗೆ ಬಸ್ ಹತ್ತಬೇಕೇನಬೇ? ಮನ್ಯಾಗ ಪಾತ್ರಿ ಇಲ್ಲೇನು?"

ಮಷಿನ್ ನಡೆಸುವವನು ನಮ್ಮ ಓಣಿಯ ಎರ್ರೆಪ್ಪ ಮಾವ. ಬಾಗು ನೇರ ಬರುತ್ತದೋ ಇಲ್ಲವೋ ನೋಡಲು, ತಗಡು ಎಳೆಯುವ ಸಾಲಿಗೇ ಎದುರಾಗಿ ಸ್ಟೂಲು ಹಾಕಿ ಕೂರುತ್ತಿದ್ದ. ತಗಡು ಹರಿದರೆ ಅವನಿಗೇ ಬಡಿಯುತ್ತದೆ ಎಂದು ನನಗೆ ದಿನಾ ಹೆದರಿಕೆ. ಹೇಳಲು ಬಾಯಿ ಬರುತ್ತಿರಲಿಲ್ಲ.

ದಾರ ಸಿಕ್ಕ ಆ ದಿನ ಹೇಳಿದೆ. "ಮಾವ, ಇದನ್ನ ಎಳಿಬ್ಯಾಡ. ಅಂಚಿನಾಗ ಕಚ್ಚು ಐತಿ."

"ಎಲ್ಲೈತಿ? ನನಗ ಕಾಣವಲ್ದು."

"ನನಗೂ ಕಾಣಂಗಿಲ್ಲ. ದಾರಕ್ಕ ಸಿಗ್ತೈತಿ."

"ಇಪ್ಪತ್ತು ವರ್ಷ ಆತು ಮಷಿನ್ ಹಿಡದು. ಕೂದಲಷ್ಟು ಕಚ್ಚಿಗೆ ತಗಡು ಹರಿತೈತೇನು? ಜಳಕ ಮಾಡಿಸಿದ್ದು ಸಾಕು, ಕೊಡಿಲ್ಲಿ!"

ಐಟಿಐ ಕಲಿತ ಸುನಂದಕ್ಕ ನಮ್ಮ ಮೇಲ್ವಿಚಾರಕಿ. ಅವಳು ಬಂದು ಆ ದಾರವನ್ನು ನೋಡಿದಳು.

"ಎರ್ರೆಪ್ಪಣ್ಣ, ಅಂಗಡ್ಯಾಗ ಬಟ್ಟಿ ಹೆಂಗ ಹರಿತಾರ? ಅಂಚಿಗೆ ಸಣ್ಣಗ ಕತ್ತರಿ ಹಚ್ಚಿ ಜಗ್ಗತಾರ. ಪರ್ರಂತ ಹೋಗ್ತೈತಿ. ತಗಡೂ ಹಂಗ."

"ಬಟ್ಟಿ ಬ್ಯಾರೆ, ತಗಡು ಬ್ಯಾರೆ."

"ಹಂಗಾರ ಇದೊಂದನ್ನ ಎಳದು ನೋಡೂಣು. ಆದ್ರ ಎಲ್ಲಾರೂ ಆ ಕಬ್ಬಿಣದ ಜಾಲರಿ ಹಿಂದ ಬರ್ರಿ. ನೀವೂ."

ಮಾವ ಗೊಣಗುತ್ತಾ ಹೆಗಲ ಟವೆಲ್ಲನ್ನು ಸ್ಟೂಲಿನ ಮೇಲೆ ಎಸೆದು ಬಂದ. ಗುಂಡಿ ಒತ್ತಿದ. ತಗಡು ಬಿಗಿಯಿತು, ಬಾಗತೊಡಗಿತು. "ನೋಡಿದ್ಯಾ?" ಅಂದ.

ಢಂ!

ದಾರ ಸಿಕ್ಕಿದ್ದ ಜಾಗದಲ್ಲೇ ತಗಡು ತುಂಡಾಯಿತು. ಹರಿದ ತುದಿ ಚಾಟಿಯಂತೆ ಬೀಸಿ ಸ್ಟೂಲನ್ನು ಗೋಡೆಗೆ ಬಡಿಯಿತು. ಟವೆಲ್ ಎರಡು ತುಂಡು.

ಮಾವ ಜಾಲರಿ ದಾಟಿ ಹೋಗಿ ಟವೆಲ್ಲಿನ ಎರಡೂ ತುಂಡುಗಳನ್ನು ಎತ್ತಿಕೊಂಡ.

ಸಂಜೆ ಅವನು ನಮ್ಮ ಮನೆ ಬಾಗಿಲಿಗೆ ಬಂದು ಅವ್ವನನ್ನು ಕರೆದ. "ಹೊನ್ನೂರಮ್ಮಕ್ಕ, ಹಳೆ ನೂಲಿನ ಸೀರಿ ಇನ್ನೊಂದಿದ್ರ ಕೊಡು. ನಾಳಿಂದ ನಾನೂ ಒರಸ್ತೀನಿ. ನಿನ್ನ ಮಗಳು ಇವತ್ತು ನನ್ನ ಉಳಿಸಿದ್ಲು."

ಅವ್ವ ಪೆಟ್ಟಿಗೆ ತೆಗೆದಳು. ಹಳೆಯದನ್ನಲ್ಲ, ತಾನು ಇನ್ನೂ ಉಡುತ್ತಿದ್ದ ಸೀರೆಯನ್ನೇ ಹರಿದು ಕೊಟ್ಟಳು. ಮರುದಿನ ಸಿರುಗುಪ್ಪದ ನೆಂಟರಿಗೆ ಫೋನಿನಲ್ಲಿ ಹೇಳುತ್ತಿದ್ದಳು: "ನಮ್ಮ ಭಾಗ್ಯ ಬಸ್ ಮಾಡಾಕತ್ತಾಳ!"

ತಗಡಿನ ಕೆಲಸ ಮಾಡುವ ಅಣ್ಣಂದಿರೇ, ಅಕ್ಕಂದಿರೇ, ಕೈಗವಸು ಹಾಕಿಕೊಂಡು ನೂಲು ಬಟ್ಟೆಯಿಂದ ಅಂಚು ಒರೆಸಿ. ದಾರ ಸಿಕ್ಕರೆ ಆ ತಗಡನ್ನು ಬದಿಗಿಡಿ. ನಿಮ್ಮ ಶೆಡ್ಡಿನಲ್ಲೂ ಎಳೆಯುವ ಸಾಲಿಗೆ ಎದುರಾಗಿ ಒಂದು ಸ್ಟೂಲು ಇರಬಹುದು.

ಅದನ್ನು ಇವತ್ತೇ ತೆಗೆಯುತ್ತೀರಾ?