ಟೇಕ್ ವಾಧ್ಯಾರ್

ದಾಮೋದರ ರಾಯರು ಬಾಯಿ ತೆರೆದರೆ ಮೊದಲು ಹೊರಬೀಳುತ್ತಿದ್ದ ಮಾತು ‘ಅಂದಮೇಲೆ’. ಹಿಂದೆ ಯಾರೂ ಏನೂ ಅಂದಿರಬೇಕಾಗಿರಲಿಲ್ಲ. ಬೆಳಗ್ಗೆ ಎದ್ದು ಹೆಂಡತಿಯ ಮುಖ ಕಂಡೊಡನೆ ‘ಅಂದಮೇಲೆ, ಕಾಫಿ ಆಯ್ತೋ?’ ಎನ್ನುವರು, ಗುರುತಿಲ್ಲದ ಬಸ್ ಕಂಡಕ್ಟರನ ಮುಂದೆಯೂ ಅದನ್ನೇ ತಮಿಳಿಗೆ ತಿರುಗಿಸಿ ಶುರುಮಾಡುವರು. ಲೋಕದೊಡನೆ ಅವರದು ಎಂದೋ ಆರಂಭವಾದ ಸಂಭಾಷಣೆ, ಊಟ ನಿದ್ದೆಗಳಿಗಾಗಿ ನಡುವೆ ಕೊಂಚ ನಿಲ್ಲಿಸಿದ್ದಾರೆ, ಅಷ್ಟೇ ಎಂದು ಕೇಳಿದವರಿಗೆ ಅನಿಸುತ್ತಿತ್ತು.

ಸೇಲಂನ ಬಿಸಿಲು ಎಂಥದೆಂದು ಅಲ್ಲಿ ಒಂದು ಬೇಸಗೆ ಕಳೆದವರಿಗೆ ಹೇಳಬೇಕಾಗಿಲ್ಲ. ಆ ಬಿಸಿಲಿನಲ್ಲಿ ರಾಯರು ಕಂದು ಬಣ್ಣದ ಉಣ್ಣೆಯ ಕೋಟು ತೊಟ್ಟು, ಎಡಗೈಯನ್ನು ಬೆನ್ನ ಹಿಂದೆ ಮಡಿಸಿಟ್ಟು, ಹತ್ತು ಹೆಜ್ಜೆ ಬಿರಬಿರನೆ ನಡೆದು ಒಮ್ಮೆಲೇ ನಿಂತುಬಿಡುವರು. ಯಾವುದೋ ಶಬ್ದ ನೆನಪಾಗಿರುತ್ತಿತ್ತು. ಹಿಂದಿನಿಂದ ಬಂದ ಸೈಕಲ್ಲಿನವನು ಬೈದು ಮುಂದೆ ಹೋದ ಮೇಲೆ ಅವರಿಗೆ ತಾವು ರಸ್ತೆಯ ನಡುವೆ ಇರುವುದು ತಿಳಿಯುತ್ತಿತ್ತು. ‘ಆ ಕೋಟಿನೊಳಗೆ ಬೇಯ್ತೀರಲ್ಲ, ನಿಮ್ಮ ಇಂಗ್ಲೀಷಿಗೇನು ನೆಗಡಿಯೇನ್ರೀ?’ ಎಂದು ಪತ್ನಿ ವೆಂಕೂಬಾಯಿ ಮಕ್ಕಳ ಮುಂದೆಯೇ ಹಾಸ್ಯ ಮಾಡುತ್ತಿದ್ದರು. ರಾಯರು ಅದನ್ನು ಪ್ರಶಂಸೆಯೆಂದೇ ಸ್ವೀಕರಿಸುತ್ತಿದ್ದರು.

ಸರ್ಕಾರಿ ಶಾಲೆಯಿಂದ ನಿವೃತ್ತರಾದ ಮೇಲೆ ಅವರು ಶೆವ್ವಾಪೇಟೆಯಲ್ಲಿ, ಬೆಳ್ಳಿಯ ಕಾಲ್ಗೆಜ್ಜೆ ಮಾಡುವ ಮನೆಯ ಮಹಡಿಯಲ್ಲಿದ್ದ ಟ್ಯುಟೋರಿಯಲ್ ಒಂದರಲ್ಲಿ ಇಂಗ್ಲೀಷ್ ಹೇಳಿಕೊಡುತ್ತಿದ್ದರು. ಅಲ್ಲಿಗೆ ಬರುವವರೆಲ್ಲ ಪರೀಕ್ಷೆಯಲ್ಲಿ ಒಮ್ಮೆ ಬಿದ್ದವರು. ತೊಂಬತ್ತನಾಲ್ಕರಲ್ಲಿ ಕಡಯಂಪಟ್ಟಿಯ ಕಡೆಯ, ಕನ್ನಡ ಮನೆಮಾತಿನ ರೈತ ನಾರಾಯಣಪ್ಪನ ಮಗಳು ಭುವನಾ ಬಂದು ಕೂತದ್ದೂ ಹಾಗೆಯೇ. ಪ್ಲಸ್ ಟು ಪರೀಕ್ಷೆಯಲ್ಲಿ ಬೇರೆಲ್ಲ ವಿಷಯಗಳೂ ಕೈಹಿಡಿದು, ಇಂಗ್ಲೀಷ್ ಒಂದು ಕೈಬಿಟ್ಟಿತ್ತು. ಅವಳಿಗೆ ನರ್ಸ್ ಆಗಬೇಕು. ಮನೆಯಲ್ಲಿ ಅವಳ ಸೋದರಮಾವ ಮುರುಗೇಶನಿಗೆ ಅವಳನ್ನು ಕೊಡುವ ಮಾತು ತೊಟ್ಟಿಲ ಕಾಲದಿಂದಲೂ ಇತ್ತು. ‘ಅಕ್ಟೋಬರ್ ಪರೀಚ್ಚೆ ಒಂದ್ ಬರ್ಕಳ್ಳಿ, ಆಮೇಲೆ ನೋಡಣ’ ಎಂದು ಅಪ್ಪ ಒಂದು ಅವಕಾಶ ಕೊಟ್ಟಿದ್ದ. ಆ ಅವಕಾಶವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹುಡುಗಿ ದಿನಾ ಬಸ್ಸು ಹತ್ತುತ್ತಿದ್ದಳು.

ಬಂದು ನೋಡಿದರೆ ಮೇಷ್ಟ್ರು ಪಾಠದ ಪುಸ್ತಕವನ್ನೇ ತೆರೆಯುತ್ತಿಲ್ಲ. ಹಲಗೆಯ ಮೇಲೆ ‘ಟೇಕ್’ ಎಂಬ ಒಂದೇ ಶಬ್ದ ಬರೆದು, ಆಡಿ, ಅಂದರೆ ತಮಿಳರ ಆಷಾಢ ಮಾಸವಿಡೀ ಅದರಲ್ಲೇ ಕಳೆದರು. ಆಂಗ್ಲಭಾಷೆ ಮಹಾಸೌಧವೆಂದು ಹೆದರಬೇಡಿ, ಅದಕ್ಕೆ ಹಿತ್ತಿಲ ಬಾಗಿಲೊಂದಿದೆ, ಅದು ಇಂಥ ಚಿಕ್ಕಪುಟ್ಟ ಕ್ರಿಯಾಪದಗಳದು ಎಂಬುದು ಅವರ ಸಿದ್ಧಾಂತ. ಬಸ್ಸು ಹತ್ತುವುದೂ ಟೇಕ್, ಮಾತ್ರೆ ನುಂಗುವುದೂ ಟೇಕ್, ಪರೀಕ್ಷೆ ಬರೆಯುವುದೂ ಟೇಕ್. ವಿಮಾನ ಮೇಲೇಳುವುದೂ ಅಂಗಿ ಕಳಚುವುದೂ ಟೇಕ್ ಆಫ್. ಮಗಳು ತಾಯಿಯನ್ನು ಹೋತರೆ ಟೇಕ್ ಆಫ್ಟರ್. ನಿರ್ಗತಿಕನಿಗೆ ಮನೆಯಲ್ಲಿ ಆಶ್ರಯ ಕೊಟ್ಟರೂ, ಬಣ್ಣದ ಮಾತಿಗೆ ಮೋಸಹೋದರೂ, ಸಡಿಲವಾದ ರವಿಕೆಯನ್ನು ಬಿಗಿ ಮಾಡಿದರೂ ಟೇಕ್ ಇನ್. ತಲೆತಿರುಗಿ ಕೂತ ಮಕ್ಕಳಿಗೆ ಅವರು ಹೇಳುವರು: ‘ಅಂದಮೇಲೆ, ನೀವು ಬಸ್ಸು ಹಿಡೀತೀರಿ, ಹಠ ಹಿಡೀತೀರಿ, ನಿನ್ನೆ ಮಳೆ ಹಿಡ್ಕೊಂಡಿತ್ತು, ಉಪ್ಪಿನಕಾಯಿಗೆ ಬೂಷ್ಟು ಹಿಡೀತು. ಇದನ್ನೆಲ್ಲ ನಿಮಗೆ ಯಾವ ಟ್ಯುಟೋರಿಯಲ್ಲಿನಲ್ಲಿ ಕಲಿಸಿದರು?’

ಇದನ್ನು ಅವರು ಹೇಳಿದ್ದು ಕನ್ನಡದಲ್ಲಿ, ತಮಿಳಿನಲ್ಲಿ ಪಾಠ ಮಾಡುತ್ತಿದ್ದೇನೆಂಬುದನ್ನೇ ಮರೆತು. ಭುವನಾಳಿಗೆ ಮೈ ಜುಮ್ಮೆಂದಿತು. ಹಟ್ಟಿಯಲ್ಲಿ, ಹೊಲದಲ್ಲಿ, ಅಜ್ಜಿಯ ಬೈಗುಳದಲ್ಲಿ ಮಾತ್ರ ಕೇಳಿದ್ದ ಮಾತು ಮೊದಲ ಬಾರಿಗೆ ಕರಿಹಲಗೆಯ ಮುಂದೆ ನಿಂತು, ಅದೂ ಕೋಟು ತೊಟ್ಟು ಮಾತಾಡಿತ್ತು.

ಆ ಶಬ್ದದ ಹುಟ್ಟನ್ನು ಹೇಳುವಾಗಲಂತೂ ರಾಯರು ಹರಿಕಥೆಯ ದಾಸರೇ ಆಗಿಬಿಡುತ್ತಿದ್ದರು. ಟೇಕ್ ಎಂಬುದು ಇಂಗ್ಲೆಂಡಿನ ಮನೆಮಗಳಲ್ಲ. ಸಾವಿರ ವರ್ಷದ ಹಿಂದೆ ಉತ್ತರದ ಕಡಲಿನಿಂದ ಹಡಗೇರಿ ಬಂದ ಜನರ ಬಾಯಲ್ಲಿ ‘ಟಾಕ’ ಎಂದು ಬಂದದ್ದು. ಅದಕ್ಕೂ ಮೊದಲು ಆ ಕೆಲಸಕ್ಕೆ ಅಲ್ಲಿ ‘ನಿಮನ್’ ಎಂಬ ಬೇರೆ ಮಾತಿತ್ತು. ಬಂದದ್ದು ಮನೆಯ ಯಜಮಾನಿಯಾಯಿತು. ಇದ್ದದ್ದು ಮೆಲ್ಲಗೆ ಮರೆಯಾಗಿ, ಚುರುಕುತನಕ್ಕೆ ‘ನಿಂಬಲ್’, ಮರಗಟ್ಟಿದ್ದಕ್ಕೆ ‘ನಂಬ್’ ಎಂಬಂಥ ಒಂದೆರಡು ಕುರುಹುಗಳನ್ನು ಬಿಟ್ಟುಹೋಯಿತು. ಕತೆ ಮುಗಿದಾಗ ಭುವನಾ ಹಿಂದಿನ ಬೆಂಚಿನಿಂದ ಎದ್ದು, ‘ಸಾರ್, ನಾವೂ ಎಲ್ಲಿಂದ್ಲೋ ಬಂದೋರು ಅಂತಾಳೆ ನಮ್ಮಜ್ಜಿ. ನಮ್ ಮಾತು ಯಾವ್ದ್ರಂಗೆ ಆಯ್ತೈತೆ?’ ಎಂದಳು. ರಾಯರು ಕೈಯಲ್ಲಿದ್ದ ಸೀಮೆಸುಣ್ಣವನ್ನು ಕೆಳಗಿಟ್ಟರು. ‘ಅಂದಮೇಲೆ, ಆಡೋರು ಇರೋ ತನಕ ಯಾವ ಮಾತಿಗೂ ಹೆದರಿಕೆ ಇಲ್ಲಮ್ಮ’ ಎಂದು ಹೇಳಿದರು. ಅಂದಿನಿಂದ ಆ ಹುಡುಗಿಯ ಮೇಲೆ ಅವರಿಗೆ ಮಗಳ ಮೇಲಿನ ಅಕ್ಕರೆ.

ಟ್ಯುಟೋರಿಯಲ್ಲಿನ ಯಜಮಾನ ಚಿನ್ನಸ್ವಾಮಿಗೆ ಮಾತ್ರ ಇದು ಪಥ್ಯವಾಗಲಿಲ್ಲ. ‘ಒರು ವಾರ್ತೈಕ್ಕು ಒರು ಮಾಸಮಾ ಸಾರ್?’ ಒಂದು ಪದಕ್ಕೆ ಒಂದು ತಿಂಗಳೇ ಎಂದು ಹಣೆ ಚಚ್ಚಿಕೊಂಡರು. ಬೇರೆಡೆಯಲ್ಲೆಲ್ಲ ಪ್ರಬಂಧಗಳನ್ನು ಉರುಹೊಡೆಸುತ್ತಿದ್ದರು, ಮಕ್ಕಳು ಪಾಸಾಗುತ್ತಿದ್ದರು. ರಾಯರಿಗೆ ಉರು ಎಂದರೆ ಮೈಲಿಗೆ. ಹುಡುಗರು ‘ಟೇಕ್ ವಾಧ್ಯಾರ್’, ಟೇಕ್ ಮೇಷ್ಟ್ರು, ಎಂದು ಹೆಸರಿಟ್ಟರು, ಕೆಲವರು ಬೇರೆ ಟ್ಯುಟೋರಿಯಲ್ ಹುಡುಕಿಕೊಂಡರು.

ಆಡಿ ಕಳೆದು ಆವಣಿ ಮಾಸ ಹುಟ್ಟಿತು, ಭುವನಾ ಬರುವುದು ನಿಂತಿತು. ವಾರ ಕಾದ ರಾಯರು ವಿಳಾಸ ಕೇಳಿಕೊಂಡು ಬಸ್ಸು ಹತ್ತಿದರು.

ನಾರಾಯಣಪ್ಪನ ಮನೆಯಲ್ಲಿ ಅಂದು ಜನ ಸೇರಿದ್ದರು. ಭುವನಾಳ ತಾಯಿಯ ತಾಯಿ ರಾಮಕ್ಕ, ಪರೀಕ್ಷೆಗೂ ಕಾಯದೆ, ಪಾಪಿರೆಡ್ಡಿಪಟ್ಟಿಯಿಂದ ಕಿರಿಮಗ ಮುರುಗೇಶನನ್ನು ಕರೆದುಕೊಂಡು ಹೆಣ್ಣು ಕೇಳಲು ಬಂದಿದ್ದಳು. ಅವಳ ಮನೆತನದಲ್ಲೊಂದು ರೂಢಿ: ಮದುವೆಯ ಮಾತಿಗೆ ಮೊದಲ ವೀಳ್ಯವನ್ನು ಎರಡೂ ಮನೆಗೆ ಸೇರದ ಹಿರಿಯನೊಬ್ಬ ತೆಗೆದುಕೊಳ್ಳಬೇಕು, ತೆಗೆದುಕೊಂಡವನು ಆ ಮಾತಿಗೆ ಯಜಮಾನ. ಆ ಕೆಲಸಕ್ಕೆ ಹೇಳಿಕಳಿಸಿದ್ದ ನಂಜಪ್ಪ ಓಮಲೂರಿನಿಂದ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಕೋಟು ತೊಟ್ಟ, ನರೆತ ತಲೆಯ ದೊಡ್ಡ ಮನುಷ್ಯರೊಬ್ಬರು ಭುವನಾಳ ಮೇಷ್ಟ್ರೆಂದು ಹೇಳಿಕೊಂಡು ತಾವಾಗಿಯೇ ಅಂಗಳಕ್ಕೆ ಬಂದರೆ ರಾಮಕ್ಕನಿಗೆ ಬೇಡಿದ ದೇವರೇ ಬಂದಂತಾಯಿತು. ‘ಬನ್ನಿ ಸಾಮಿ, ಕುಂತ್ಕಳಿ’ ಎಂದು ಚಾಪೆ ಹಾಸಿ ಎಲೆ ಅಡಿಕೆಯ ತಟ್ಟೆ ಮುಂದೆ ಹಿಡಿದಳು. ತಾಂಬೂಲವನ್ನು ನಿರಾಕರಿಸಬಾರದೆಂದು ಬಾಲ್ಯದಿಂದ ಕಲಿತ ಜೀವ ರಾಯರದು. ಮೊದಲಿಗೇ ಯಾಕೆ ಕೊಡುತ್ತಾರೆಂದು ಕೊಂಚ ಸೋಜಿಗವಾದರೂ, ಊರಿನ ಪದ್ಧತಿ ಇರಬೇಕೆಂದು ಎರಡೂ ಕೈಯೊಡ್ಡಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

ಭುವನಾ ಇದನ್ನು ಬಾಗಿಲ ಮರೆಯಿಂದ ಕಂಡಳು. ತನ್ನನ್ನು ಬಿಡಿಸಲು ಬಂದವರೇ ಗಂಟು ಹಾಕಿಬಿಟ್ಟರು! ‘ಮೇಷ್ಟ್ರೇ ಈಳ್ಯ ತಗಂಡ್ರು, ಇನ್ನೇನೈತೆ’ ಎಂದು ಹೆಂಗಸರು ಸಂಭ್ರಮಪಟ್ಟರು. ಏನು ನಡೆಯಿತೆಂದು ನಾರಾಯಣಪ್ಪ ಬಿಡಿಸಿ ಹೇಳಿದಾಗ ರಾಯರು ತಟ್ಟೆಯತ್ತ ತಿರುಗಿದರು. ಹಿಂತಿರುಗಿಸಲೇ ಎಂದು ಕೈ ಮುಂದೆ ಹೋಯಿತು, ಅಪಶಕುನವೆಂದು ಯಾರೋ ತಡೆದರು. ‘ಮದ್ವೆ ದಿನ ನೀವೇ ಏಳ್ಬೇಕು ಸಾಮಿ’ ಎಂದಳು ರಾಮಕ್ಕ.

ರಾಯರು ತಲೆಯೆತ್ತಿದರು. ‘ಅಂದಮೇಲೆ, ನಾನು ಹೇಳಿದ್ದೇ ದಿನವೋ?’

‘ನೀವೇಳಿದ್ದೇ. ಮಾತು ತಪ್ಪೋ ವಂಸ ಅಲ್ಲ ನಮ್ದು.’

‘ಅಂದಮೇಲೆ, ಹುಡುಗಿ ನರ್ಸಿಂಗ್ ಮುಗಿಸಿದ ಮೇಲೆ ಬರೋ ಸಂಕ್ರಾಂತಿಯ ತೈ ಮಾಸ. ಅದೂ ಆಗ ಅವಳು ಹೂಂ ಅಂದರೆ.’

ಅಂಗಳದಲ್ಲಿ ಗದ್ದಲವೆದ್ದಿತು. ನಾರಾಯಣಪ್ಪ ‘ಏನ್ ಸಾಮಿ, ಆಟ ಆಡ್ತೀರಾ?’ ಎಂದು ಎದ್ದೇ ನಿಂತ. ದಿನಾ ತೊಪ್ಪೂರು ಘಾಟಿಯಲ್ಲಿ ಲಾರಿ ಇಳಿಸಿ ಪಳಗಿದ್ದ ಮುರುಗೇಶ ಅವಸರದ ಮನುಷ್ಯನಲ್ಲ. ಅವನು ನಕ್ಕು, ‘ಬುಡಿ ಭಾವ, ಓದ್ಕಳ್ಳಿ. ನಂಗೇನು ವಯಸ್ ಓಗ್ಬುಡ್ತದಾ?’ ಎಂದ. ಎಲ್ಲರೂ ರಾಮಕ್ಕನತ್ತ ನೋಡಿದರು. ತನ್ನ ರೂಢಿಗೆ ತಾನೇ ಸಿಕ್ಕಿಬಿದ್ದ ಮುದುಕಿ ಅಡಿಕೆ ಕಡಿಯುತ್ತಾ, ‘ಏಳಿದ್ದು ಏಳಾಯ್ತು. ಆದ್ರೆ ಈ ಪರೀಚ್ಚೆನಾಗೆ ಬಿದ್ರೆ ಬರೋ ತೈನಾಗೇ ತಾಳಿ’ ಎಂದಳು.

ಮರುದಿನದಿಂದ ಶೆವ್ವಾಪೇಟೆಯ ಮಹಡಿಯಲ್ಲಿ ಯಾರೂ ನಂಬಲಾಗದ ದೃಶ್ಯ. ಉರುಹೊಡೆಯುವುದನ್ನು ಮಹಾಪಾಪವೆಂದು ತಿಳಿದಿದ್ದ ರಾಯರು ಭುವನಾಳನ್ನು ತರಗತಿಗೆ ಮುಂಚೆಯೇ ಕೂರಿಸಿ, ಪ್ರಬಂಧದ ಮೇಲೆ ಪ್ರಬಂಧ ಬಾಯಿಪಾಠ ಮಾಡಿಸತೊಡಗಿದರು. ಚಿನ್ನಸ್ವಾಮಿ ಮೆಟ್ಟಿಲಲ್ಲೇ ನಿಂತು ಬೆರಗಾದರು. ‘ನಿಮ್ಗೆ ಇದು ಇಷ್ಟ ಇಲ್ವಲ್ಲ ಸಾರ್’ ಎಂದು ಭುವನಾ ಕೇಳಿದರೆ, ‘ಅಂದಮೇಲೆ, ನನ್ನ ಇಷ್ಟ ಕಟ್ಟಿಕೊಂಡು ನಿನಗೇನಾಗಬೇಕು? ಓದು’ ಎಂದು ಗದರಿದರು. ಒಂದು ಆಯುಷ್ಯದ ಹಟವನ್ನು ಅವರು ಅಷ್ಟು ಸುಲಭವಾಗಿ ಕೆಳಗಿಳಿಸಿದ್ದು ಕಂಡು ಹುಡುಗಿಗೆ ಅಳು ಬಂತು. ಪ್ರಬಂಧ ಅವಳಿಗೆ ಬಾಯಿಗೆ ಬಂತು. ಉಳಿದ ಪ್ರಶ್ನೆಗಳಿಗೆ ಆಡಿ ಮಾಸದ ಪಾಠ ಆಸರೆಯಾಯಿತು. ಅಂತೂ ತೆಪ್ಪ ದಡ ಮುಟ್ಟಿತು, ನರ್ಸಿಂಗ್ ಶಾಲೆಯಲ್ಲಿ ಜಾಗವೂ ದೊರೆಯಿತು.

ಆಮೇಲೆ ಪ್ರತಿ ತೈ ಮಾಸವೂ ರಾಯರಿಗೆ ರಾಮಕ್ಕನ ಮನೆಯಿಂದ ಕರೆ. ಹೋಗುವರು, ಒಬ್ಬಟ್ಟು ಉಣ್ಣುವರು, ‘ಇನ್ನೂ ಇಲ್ಲ’ ಎಂದು ಹೇಳಿ ಬರುವರು. ಭುವನಾಳ ಓದು ಮುಗಿದ ವರ್ಷ ಅವರು ಎಲ್ಲರೆದುರು ಅವಳನ್ನೇ ಕೇಳಿದರು. ಅವಳು ತಲೆಬಗ್ಗಿಸದೆ, ‘ಮಾವ ಒಳ್ಳೇರು ಸಾರ್. ಆದ್ರೆ ನಂಗೆ ಮಾವನೇ’ ಎಂದಳು. ಮುರುಗೇಶ ಆಗಲಿ ಎಂಬಂತೆ ತಲೆಯಾಡಿಸಿದ. ರಾಯರು ತಟ್ಟೆಯಲ್ಲಿ ಹೊಸ ಎಲೆ ಅಡಿಕೆಯಿಟ್ಟು ರಾಮಕ್ಕನ ಮುಂದೆ ಹಿಡಿದು, ‘ತಾಯಿ, ನನ್ನ ಮಾತು ಇಲ್ಲಿಗೆ ಮುಗೀತು. ಕೋಪ ಇದ್ದರೆ ನನ್ನ ಮೇಲಿರಲಿ’ ಎಂದು ಕೈಮುಗಿದರು.

ರಾಮಕ್ಕ ತಟ್ಟೆಯನ್ನು ತೆಗೆದುಕೊಳ್ಳಲಿಲ್ಲ. ಅದನ್ನು ತಿರುಗಿ ರಾಯರ ಕಡೆಗೇ ತಳ್ಳಿ, ‘ನಮ್ ದೊಡ್ಮಗನ ಮಗಳು ಪುಷ್ಪಾನೂ ಇಂಗ್ಲೀಸ್‌ನಾಗೆ ಬಿದ್ದವ್ಳೆ ಸಾಮಿ. ಅವಳ ಈಳ್ಯಾನೂ ನೀವೇ ತಗಳಿ’ ಎಂದಳು.

ಲೋಕದಲ್ಲಿ ತಪ್ಪೇ ಮಾಡದ ಬುದ್ಧಿವಂತರು ಬೇಕಾದಷ್ಟಿದ್ದಾರೆ. ಅವರು ಯಾರ ಅಂಗಳಕ್ಕೂ ಕಾಲಿಡುವುದಿಲ್ಲ, ಯಾರ ತಟ್ಟೆಗೂ ಕೈಯೊಡ್ಡುವುದಿಲ್ಲ. ಇನ್ನೊಂದು ಜಾತಿಯ ಜನರಿದ್ದಾರೆ: ಅರಿಯದೆ ಒಂದು ಹೊರೆಗೆ ಹೆಗಲು ಕೊಟ್ಟು, ಅರಿವಾದ ಮೇಲೂ ಅದನ್ನು ಇಳಿಸದೆ, ಅದರ ಸಲುವಾಗಿ ತಮ್ಮ ಸಿದ್ಧಾಂತಗಳನ್ನೇ ಮಡಚಿ ಬದಿಗಿಟ್ಟು ನಡೆಯುವವರು. ನಮ್ಮ ಹೆಣ್ಣುಮಕ್ಕಳಲ್ಲಿ ಅದೆಷ್ಟು ಜನ ಇಂದು ತಮ್ಮ ಕಾಲ ಮೇಲೆ ನಿಂತಿದ್ದಾರೋ, ಅವರೆಲ್ಲರ ಹಿಂದೆ ಇಂಥವರೊಬ್ಬರು ಗೊತ್ತಿಲ್ಲದೆ ಕೈಯೊಡ್ಡಿ, ಗೊತ್ತಾದ ಮೇಲೂ ಕೈ ಹಿಂತೆಗೆಯದೆ ನಿಂತಿರುತ್ತಾರೆ.