ಕಾಲು ಎತ್ತಬಾರದ ಕೆರೆ

"ಕಾಲು ನೆಲಕ್ಕಿಡೋ ಬೋಳಿಮಗನೆ! ನಿಮ್ಮಪ್ಪ ತೋಡಿಸಿದ ಕೆರೆ ಅಂದ್ಕೊಂಡಿದೀಯಾ?"

ದಡದ ಮೇಲಿಂದ ಮೇಸ್ತ್ರಿ ಕೂಗಿದ. ನೀರಿನ ಮೇಲೆ ಅಂಗಾತ ತೇಲುತ್ತಿದ್ದ ಕಪ್ಪೆ ಗಡಬಡಿಸಿ ಕಾಲು ಕೆಳಗಿಟ್ಟ. ಕೆಸರು ಅವನ ಮೊಣಕಾಲು ನುಂಗಿತು, ನೀರು ಗದ್ದಕ್ಕೆ ಬಂತು.

"ಸುಸ್ತಾಗಿತ್ತು ಮೇಸ್ತ್ರಿ. ಒಂದು ಗಳಿಗೆ ತೇಲ್ದೆ, ಅಷ್ಟೇ."

"ಸುಸ್ತಾದ್ರೆ ನಿಂತ್ಕೊಂಡು ಸುಸ್ತಾಗು. ತೇಲೋಕೆ ಕೂಲಿ ಕೊಡ್ತಾರೇನೋ ನಿಂಗೆ?"

ಕಪ್ಪೆ ನಮ್ಮ ದೊಡ್ಡಮ್ಮನ ಮಗ, ನನ್ನ ಓರಗೆಯವನು. ನಡೆಯಲು ಕಲಿಯುವ ಮೊದಲೇ ಈಜಲು ಕಲಿತ ಅಂತ ಕೇರಿಯವರೆಲ್ಲ ಹಾಗೆ ಕರೆಯುತ್ತಿದ್ದರು. ಆಗ ಈ ಕೆರೆಗೆ ಬೇಲಿ ಇರಲಿಲ್ಲ. ಕೇರಿಯ ಮಕ್ಕಳೆಲ್ಲ ಬಿಸಿಲು ಹತ್ತಿದ ಕೂಡಲೇ ಬಂಡೆಯ ಮೇಲಿಂದ ದಬಾರನೆ ಬೀಳುತ್ತಿದ್ದೆವು. ನನ್ನನ್ನು ಮೊದಲು ನೀರಿಗೆ ತಳ್ಳಿದವನು ಇದೇ ಮೇಸ್ತ್ರಿ. ಅವನೂ ನಮ್ಮ ಕೇರಿಯವನೇ. ಒಂದೇ ಉಸಿರಿಗೆ ಕೆರೆಯ ತಳದ ಮಣ್ಣು ತಂದು ತೋರಿಸುತ್ತಿದ್ದ ಗಂಡಸು.

ಆಮೇಲೆ ಸುತ್ತ ಎತ್ತರದ ಕಟ್ಟಡಗಳೆದ್ದವು. ಅವರ ಕೊಳಚೆ ಕೆರೆಗೆ ಹರಿಯಿತು. ಕೊಳಚೆ ಉಂಡು ಅಂತರಗಂಗೆ ಕಳೆ ಕೊಬ್ಬಿತು. ಕೆರೆ ಹಾಳು ಮಾಡಿದವರು ಕೇರಿಯವರು ಅಂತ ಹೇಳಿ ಬೇಲಿ ಹಾಕಿದರು, ಬೋಟ್ ಕ್ಲಬ್ ಮಾಡಿದರು. ನೀರಿಗೆ ಇಳಿಯಬಾರದು ಎಂದು ಬೇಲಿಯ ಮೇಲೆ ಹಲಗೆ ಹೊಡೆದರು. ಆ ಹಲಗೆಯ ಕೆಳಗಿನ ಸಣ್ಣ ಗೇಟಿನಿಂದಲೇ ನಮ್ಮನ್ನು ದಿನಾ ಬೆಳಿಗ್ಗೆ ನೀರಿಗೆ ಇಳಿಸುತ್ತಿದ್ದರು, ಕಳೆ ಕೀಳಲು.

ಹಲಗೆಯಲ್ಲಿಲ್ಲದ ಇನ್ನೊಂದು ಕಾನೂನೂ ಇತ್ತು. ಕೆಲಸಕ್ಕಿಳಿದವರ ಕಾಲು ನೆಲದ ಮೇಲಿರಬೇಕು. ನೆಲದ ಮೇಲಿದ್ದರೆ ಕೆಲಸ, ಎತ್ತಿದರೆ ಆಟ. ಆಟ ಕ್ಲಬ್ಬಿನವರದ್ದು. ಕುತ್ತಿಗೆಯವರೆಗೆ ನೀರಲ್ಲಿ ನಿಂತು, ನೀರು ಬಾ ಬಾ ಅಂತ ಎತ್ತಿಕೊಳ್ಳಲು ಬಂದರೂ, ಹೆಬ್ಬೆರಳನ್ನು ಕೆಸರಿಗೆ ಒತ್ತಿ ಹಿಡಿದು ನಿಲ್ಲಬೇಕು. ದಿನವಿಡೀ ಹಾಗೆ ನಿಂತ ಮೇಲೆ ರಾತ್ರಿ ಮಲಗಿದರೂ ಕಾಲು ಸುಮ್ಮನಿರುತ್ತಿರಲಿಲ್ಲ. ಚಾಪೆಯನ್ನು ಒದೆಯುತ್ತಿತ್ತು.

"ಮೇಸ್ತ್ರಿಗೆ ಈಜು ಮರೆತೇ ಹೋಗಿದೆ ಕಣೇ," ಅಂದ ಕಪ್ಪೆ, ಕಳೆಯ ಬೇರು ಜಗ್ಗುತ್ತಾ.

"ಮರೆತಿಲ್ಲ," ಅಂದಳು ಪಕ್ಕದಲ್ಲೇ ಕಳೆ ಕೀಳುತ್ತಿದ್ದ ದೊಡ್ಡಮ್ಮ. "ನಾವು ತೇಲಿದ್ರೆ ಅವನಿಗೆ ನೆನಪಾಗುತ್ತೆ. ಅದಕ್ಕೇ ಅಷ್ಟು ಉರಿ."

ಅವತ್ತು ಮಧ್ಯಾಹ್ನ ಕ್ಲಬ್ಬಿನ ಕಾರ್ಯದರ್ಶಿ ದಡಕ್ಕೆ ಬಂದರು. ಮೂಗಿಗೆ ಕರವಸ್ತ್ರ. ಮಾತಾಡುವಾಗ ಮಾತ್ರ ಅದನ್ನು ತೆಗೆದು ಮತ್ತೆ ಒತ್ತಿಕೊಳ್ಳುತ್ತಿದ್ದರು.

"ನೋಡಿ, ಬಡ ಮಕ್ಕಳಿಗೂ ಬಯಲು ಬೇಕು, ನೀರು ಬೇಕು, ಆಟ ಬೇಕು. ಈ ಭಾನುವಾರ ನಿಮ್ಮ ಕೇರಿ ಮಕ್ಕಳಿಗೆ ಬೋಟಿಂಗ್ ಇಟ್ಟಿದ್ದೀವಿ. ದೊಡ್ಡ ಸಾಹೇಬರು ಬರ್ತಾರೆ. ಅಷ್ಟರೊಳಗೆ ಕೆರೆ ಕನ್ನಡಿ ಆಗ್ಬೇಕು."

"ನಮ್ಮ ಈ ಹುಡುಗ್ರೂ ಕೂರಬಹುದಾ ಬುದ್ಧೀ?" ಅಂತ ದೊಡ್ಡಮ್ಮ ನಮ್ಮಿಬ್ಬರ ಕಡೆ ಕೈ ತೋರಿಸಿದಳು.

"ಇವ್ರಾ? ಇವ್ರು ಕೆಲಸಕ್ಕೆ ಬೇಕಲ್ಲಜ್ಜಿ."

ಸಂಜೆ ಈ ಸುದ್ದಿ ಕೇಳಿ ನನ್ನ ತಂಗಿ ಗುಬ್ಬಿ ಖುಷಿಗೆ ಊಟವನ್ನೇ ಬಿಟ್ಟಳು. ಬಟ್ಟೆ ನೆನೆಸುವ ಟಬ್ಬನ್ನು ಒಳಮನೆಗೆ ಎಳೆದು ತಂದು ಅದರಲ್ಲಿ ಕೂತಳು. ಸೌಟಿನಿಂದ ಹುಟ್ಟು ಹಾಕುತ್ತಾ ಗೋಡೆಯಿಂದ ಗೋಡೆಗೆ ಹೋದಳು. ಅಮ್ಮ ಎದುರಿನ ಕಟ್ಟಡದಲ್ಲಿ ಪಾತ್ರೆ ತಿಕ್ಕಿ ಬಂದವಳು, ಕಾಲು ಚಾಚಲೂ ಜಾಗವಿಲ್ಲದೆ ಹೊಸ್ತಿಲ ಮೇಲೆ ಕೂತು ನಗುತ್ತಿದ್ದಳು. ಗುಬ್ಬಿ ಬೆಳೆಯುವ ಹೊತ್ತಿಗೆ ಬೇಲಿ ಬಂದಿತ್ತು. ಕೆರೆಯ ದಡದಲ್ಲೇ ಹುಟ್ಟಿ, ಈಜಲು ಬಾರದ ಮಕ್ಕಳ ಮೊದಲನೇ ಸಾಲು ಅವಳದ್ದು.

"ಅಕ್ಕಾ, ಬೋಟು ಹೋಗುವಾಗ ಕೈ ನೀರಲ್ಲಿ ಬಿಡಬಹುದಾ? ಸುಮ್ನೆ ಹಿಂಗೆ... ಬೆರಳು ಗೀರು ಎಳ್ಕೊಂಡು ಹೋಗೋ ಥರ?"

"ಬಿಡು. ಯಾರು ಬೇಡ ಅಂತಾರೆ?" ಅಂದೆ.

ಭಾನುವಾರ ಅಮ್ಮ ಅವಳ ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಎರಡು ಜಡೆ ಹೆಣೆದು, ಪಕ್ಕದ ಮನೆಯಿಂದ ಕೇಳಿ ತಂದ ಜರಿ ಅಂಚಿನ ಹಳದಿ ಫ್ರಾಕು ತೊಡಿಸಿದಳು. ಕೇರಿಯ ಉಳಿದ ಮಕ್ಕಳೂ ಅಷ್ಟೇ. ದೊಡ್ಡವರ ಎದುರಿಗೆ ಹೋಗುವಾಗ ಇದ್ದುದರಲ್ಲಿ ಚೆಂದದ್ದು ಹಾಕಿಕೊಳ್ಳಬೇಕು ಅಂತಷ್ಟೇ ನಮ್ಮವರಿಗೆ ಗೊತ್ತಿದ್ದದ್ದು. ಅದೇ ತಪ್ಪಾಯಿತು.

ನಾವು ಬೆಳಕು ಹರಿಯುವ ಮೊದಲೇ ನೀರಲ್ಲಿದ್ದೆವು. ಕಿತ್ತ ಕಳೆಯನ್ನೆಲ್ಲ ದಡಕ್ಕೆ ಎಳೆಯಲು ಹೊತ್ತು ಸಾಲದೆ, ಕೆರೆಯ ಒಂದು ಮಗ್ಗುಲಿಗೆ ದೂಡಿ ಒಟ್ಟಿದ್ದೆವು. ಗಾಳಿ ಅದನ್ನು ದೋಣಿಕಟ್ಟೆಯ ಕಡೆ ತಳ್ಳುತ್ತಿತ್ತು. ಆ ಕೆಸರಿನಲ್ಲಿ ಗೂಟ ಹೊಡೆದರೆ ನಿಲ್ಲುವುದಿಲ್ಲ. ಹಾಗಾಗಿ ಕಳೆ ತಡೆಯಲು ಬಿದಿರ ಗಳಗಳನ್ನು ಒಂದಕ್ಕೊಂದು ಕಟ್ಟಿ, ಗೂಟಗಳ ಬದಲು ನಮ್ಮನ್ನೇ ಸಾಲಾಗಿ ನಿಲ್ಲಿಸಿದ ಮೇಸ್ತ್ರಿ. ಬೆನ್ನಿಗೆ ಕಳೆಯ ಒತ್ತಡ, ಕೈಯಲ್ಲಿ ಗಳ, ಗದ್ದದವರೆಗೆ ನೀರು. ಮುಂದೆ ದೋಣಿಕಟ್ಟೆ, ಅದರಾಚೆ ತಿಳಿಯಾಗಿ ಹೊಳೆಯುವ ನಡುಕೆರೆ.

ಕಾರ್ಯದರ್ಶಿ ಕಟ್ಟೆಯ ಮೇಲೆ ನಿಂತು ಕ್ಯಾಮರಾದವನ ಕಿವಿಗೆ ಏನೋ ಹೇಳಿ, ನಮ್ಮ ಕಡೆ ನೋಡಿದರು.

"ಏನ್ರೀ ಮೇಸ್ತ್ರಿ, ತಲೆಗಳು ಕಾಣ್ತಿದಾವಲ್ರೀ! ಫೋಟೋ ಕೆಡುತ್ತೆ. ಮೇಲೆ ಏನಾದ್ರೂ ಮುಚ್ಚಿಸಿ."

ಮೇಸ್ತ್ರಿ ನಮ್ಮ ಕಡೆ ನೋಡಿ, ನೋಡದವನ ಹಾಗೆ ಹೇಳಿದ, "ತಲೆ ಮೇಲೆ ಒಂದೊಂದು ಗಿಡ ಇಟ್ಕೊಳ್ರೋ."

ಇಟ್ಟುಕೊಂಡೆವು. ಬೇರಿನಿಂದ ಕೊಳಚೆ ಕಣ್ಣಿಗಿಳಿಯಿತು. ದೊಡ್ಡಮ್ಮನ ಗಿಡದಲ್ಲಿ ನೇರಳೆ ಹೂವೊಂದು ಅರಳಿತ್ತು.

"ನಿಮ್ಮ ದೊಡ್ಡಪ್ಪ ಸತ್ತ ಮೇಲೆ ಇವತ್ತೇ ನೋಡು ನನ್ನ ತಲೆಗೆ ಹೂ," ಅಂದಳು. ನಗು ಬಂದು ಕಪ್ಪೆ ನೀರು ಕುಡಿದ.

ನೀರಿನ ಮೇಲೆ ಮಾತು ದೂರ ಬರುತ್ತದೆ. ಮಕ್ಕಳು ಕಟ್ಟೆಗೆ ಬಂದಾಗ ಕಾರ್ಯದರ್ಶಿಯ ದನಿ ನಮ್ಮ ಕಿವಿಯಲ್ಲೇ ಹೇಳಿದಂತಿತ್ತು.

"ಇದೇನ್ರೀ ಇದು, ಮದುವೆಗೆ ಬಂದ ಹಾಗೆ ಬಂದಿದಾರೆ! ಬಡ ಮಕ್ಕಳು ಅಂತ ಗೊತ್ತಾಗೋದು ಬೇಡ್ವಾ? ಆ ಹಳದಿ ಫ್ರಾಕಿನವಳು... ಜಡೆ ಬಿಚ್ಚಿ ಅವಳದು. ಚಪ್ಪಲಿ ತೆಗೆಸಿ ಎಲ್ಲರದೂ."

ಕ್ಲಬ್ಬಿನ ಆಳೊಬ್ಬ ಗುಬ್ಬಿಯ ಎಣ್ಣೆಗೂದಲನ್ನು ಎರಡೂ ಕೈಯಿಂದ ಕೆದರಿದ. ಅವಳು ಅಳಲಿಲ್ಲ. ಅವಳ ಕಣ್ಣು ಬೋಟಿನ ಮೇಲಿತ್ತು. ಕಪ್ಪೆ ಹಿಡಿದಿದ್ದ ಗಳ ಕಿರ್ರೆಂದಿತು.

"ಸುಮ್ನಿರು," ಅಂದೆ. "ಕೂರ್ಲಿ ಅವಳು. ಒಂದ್ ಸಲ ಕೂರ್ಲಿ."

ಮಕ್ಕಳಿಗೆ ಕಿತ್ತಲೆ ಬಣ್ಣದ ಲೈಫ್ ಜಾಕೆಟ್ ತೊಡಿಸಿ ಬೋಟಿನಲ್ಲಿ ಕೂರಿಸಿದರು. ಗುಬ್ಬಿ ಅಂಚಿಗೆ ಕೂತು ಆಗಲೇ ಕೈ ನೀರಲ್ಲಿ ಬಿಟ್ಟಿದ್ದಳು. ದೊಡ್ಡ ಸಾಹೇಬರು ಬಗ್ಗಿ ಬೋಟಿನ ಅಂಚು ಹಿಡಿದರು.

"ಅಂಕಲ್, ಹಗ್ಗ ಬಿಚ್ಚಲ್ವಾ?" ಗುಬ್ಬಿಯ ದನಿ.

"ಬಿಚ್ತೀವಿ ಪುಟ್ಟಿ. ಮೊದ್ಲು ನಗು."

ನಕ್ಕಳು. ಫೋಟೋ ಆಯಿತು. ಸಾಹೇಬರು ಹುಟ್ಟು ಹಿಡಿದದ್ದೂ ಆಯಿತು. ಚಪ್ಪಾಳೆಯೂ ಆಯಿತು.

"ಸರಿ, ಇಳಿಸ್ರೀ ಮಕ್ಕಳನ್ನ. ಬಿಸಿಲು ಏರ್ತಿದೆ. ಜಾಕೆಟ್ ಕಳಚಿ, ಸಾಹೇಬರ ಮನೆಯವರಿಗೆ ಬೇಕು."

ಒಂದೊಂದೇ ಮಗುವನ್ನು ಕಂಕುಳಿಗೆ ಕೈಹಾಕಿ ಎತ್ತಿ ಕಟ್ಟೆಯ ಮೇಲಿಟ್ಟರು. ಸಾಹೇಬರ ಸೊಸೆ, ಮೊಮ್ಮಕ್ಕಳು ಕೂತರು, ಸಾಹೇಬರೂ ಕೂತರು. ಆಗ ಹಗ್ಗ ಬಿಚ್ಚಿದರು. ಬೋಟು ಹೊರಟಿತು. ಕೊನೆಗೆ ಉಳಿದದ್ದು ಗುಬ್ಬಿಯ ಜಾಕೆಟ್. ಅದರ ಕೊಕ್ಕೆ ಸಿಕ್ಕಿಕೊಂಡಿತ್ತು. ಆಳು ಜಗ್ಗುತ್ತಿದ್ದ. ಅವಳು ಹೋಗುವ ಬೋಟನ್ನು ನೋಡಿದಳು, ಆಮೇಲೆ ಕಳೆ ಹೊತ್ತ ತಲೆಗಳ ಸಾಲಿನಲ್ಲಿ ನನ್ನನ್ನು ಹುಡುಕಿದಳು.

"ಅಕ್ಕಾ! ನಾವು ಕೂತಾಗ ಬೋಟು ಹೋಗ್ಲೇ ಇಲ್ಲ ಕಣೇ!"

ಮೊದಲು ಕಾಲೆತ್ತಿದವನು ಕಪ್ಪೆ. ಅವನ ಹತ್ತೂ ಬೆರಳು ನೀರಿನ ಮೇಲೆ ಬಂದವು. ತಲೆಯ ಗಿಡ ಜಾರಿ ಪಕ್ಕಕ್ಕೆ ಬಿತ್ತು.

"ಏಯ್! ಕಾಲು ಕೆಳಗೆ!" ಮೇಸ್ತ್ರಿ ಕೂಗಿದ.

ದೊಡ್ಡಮ್ಮ ಗಳವನ್ನು ಮಗು ಮಲಗಿಸುವ ಹಾಗೆ ಮೆತ್ತಗೆ ನೀರಿನ ಮೇಲಿಟ್ಟಳು. "ಬರ್ತೀನಪ್ಪಾ ಮೇಸ್ತ್ರಿ, ಮಂಡಿ ನೋಯ್ತಿದೆ," ಅಂದು ಅಂಗಾತ ಬಿದ್ದಳು. ಅವಳ ಸೀರೆ ಬುಗ್ಗೆಂದು ಉಬ್ಬಿತು. ಅವಳಾಚೆಯವರು, ಅವರಾಚೆಯವರು. ಒಬ್ಬೊಬ್ಬರು ಬಿಟ್ಟ ಹಾಗೆ ಗಳದ ಸಾಲು ಹಾವಿನಂತೆ ಹೊರಳಿತು. ಕಳೆ ಮುಂದೆ ಜರುಗಿತು. ಅದಕ್ಕೇನು ಅವಸರ? ನಮ್ಮನ್ನು ನಡುಕೆರೆಯ ಕಡೆ ಹೋಗಲು ಬಿಟ್ಟು, ತಾನು ದೋಣಿಕಟ್ಟೆಯ ಕಡೆ ಹಸಿರು ಚಾಪೆ ಹಾಸಿಕೊಂಡು ನಡೆಯಿತು.

ನಾನು ಹೆಬ್ಬೆರಳನ್ನು ಕೆಸರಿನಿಂದ ಕಿತ್ತೆ. ಎಷ್ಟು ವರ್ಷದ ಮೇಲೋ, ಕೈ ತಾನಾಗಿ ನೀರು ಸೀಳಿತು. ಕಟ್ಟೆಯ ಬುಡಕ್ಕೆ ಬಂದು ತಲೆಯೆತ್ತಿದೆ.

"ಹಾರೇ!"

"ಈಜು ಬರಲ್ಲ ಅಕ್ಕಾ..."

"ಜಾಕೆಟ್ ಇದೆಯಲ್ಲ, ಹಾರು!"

ಆಳು ಫ್ರಾಕು ಹಿಡಿದ. ಪಕ್ಕದ ಮನೆಯವರ ಜರಿ ಪರ್ರೆಂದು ಹರಿಯಿತು. ಗುಬ್ಬಿ ನನ್ನ ಮೇಲೇ ಬಿದ್ದಳು. ಜಾಕೆಟ್ಟಿನ ಕುತ್ತಿಗೆಪಟ್ಟಿ ಹಿಡಿದು ನಡುಕೆರೆಯ ಕಡೆ ಎಳೆದೆ.

ಹಿಂದೆ ಕಿರುಚಾಟ ಎದ್ದಿತು. ತಿರುಗಿ ನೋಡಿದೆ. ಕಟ್ಟೆಯಿಂದ ನಾಲ್ಕು ಮಾರೂ ದಾಟಿರದ ಬೋಟನ್ನು ಕಳೆ ನಾಲ್ಕೂ ಕಡೆಯಿಂದ ತಬ್ಬಿಕೊಂಡಿತ್ತು. ದೊಡ್ಡ ಸಾಹೇಬರು ಹುಟ್ಟಿನಿಂದ ಬಡಿದಷ್ಟೂ ಬೇರು ಸುತ್ತಿಕೊಳ್ಳುತ್ತಿತ್ತು. ಮೊಮ್ಮಕ್ಕಳಿಗೆ ಅದೇ ಆಟವಾಗಿ ಹೂ ಕೀಳುತ್ತಿದ್ದರು. ಕಾರ್ಯದರ್ಶಿ ಕಟ್ಟೆಯ ತುದಿಗೆ ಬಂದು ನಿಂತಿದ್ದರು, ಮೂಗಿನ ಕರವಸ್ತ್ರ ಎಲ್ಲೋ ಬಿದ್ದಿತ್ತು.

"ಮೇಸ್ತ್ರಿ! ನಿಂಗೆ ಈಜು ಬರುತ್ತಲ್ಲೋ, ಇಳಿಯೋ! ತಳ್ಳೋ ಅದನ್ನ!"

ಮೇಸ್ತ್ರಿ ಪ್ಯಾಂಟು ಮಡಚಿ ನೀರಿಗಿಳಿದ. ಸೊಂಟದವರೆಗೆ ಬಂದ. ಅಲ್ಲೇ ನಿಂತ. ನಮ್ಮನ್ನೇ ನೋಡುತ್ತಾ ನಿಂತ. ಕೂಗಲೂ ಇಲ್ಲ, ಕಾಲೆತ್ತಲೂ ಇಲ್ಲ.

ಗೇಟಿನ ಕಡೆ ಸೀಟಿಗಳು ಕೇಳಿದವು. ಖಾಕಿಯವರು ದಡದುದ್ದಕ್ಕೂ ಅಲ್ಲಲ್ಲಿ ನಿಂತರು. ಅವರಿಗೂ ಅವಸರವಿರಲಿಲ್ಲ, ನಾವು ಯಾವತ್ತಾದರೂ ದಡಕ್ಕೆ ಬರಲೇಬೇಕಲ್ಲ. ಕಪ್ಪೆ ಒಮ್ಮೆ ಅವರ ಕಡೆ ನೋಡಿ, ಉಸಿರೆಳೆದು ಮುಳುಗಿದ. ಬಹಳ ಹೊತ್ತಿನ ಮೇಲೆ ಎದ್ದು, ಹಿಡಿಯಲ್ಲಿದ್ದ ತಳದ ಕಪ್ಪು ಮಣ್ಣನ್ನು ಮೇಸ್ತ್ರಿಗೆ ಕಾಣುವಂತೆ ಎತ್ತಿ ಹಿಡಿದ.

ಗುಬ್ಬಿ ನನ್ನ ಕುತ್ತಿಗೆಗೆ ಉಗುರು ನಾಟಿದಳು.

"ಅಕ್ಕಾ, ಕೆಳಗೆ ನೆಲಾನೇ ಇಲ್ಲ ಕಣೇ!"

"ಇಲ್ಲ ಕಣೇ. ಕೈ ಬಿಡು ನನ್ನ. ಒದಿ."

ಒದ್ದಳು.

"ಇನ್ನೂ ಗಟ್ಟಿಯಾಗಿ ಒದಿ."