ಕೇಬಲ್ಲಿಗೆ ಹಾಕಿದ ಗಂಟು

ಟಿ. ದಾಸರಹಳ್ಳಿಯ ಆ ಕ್ರಾಸಿನಲ್ಲಿ ರಸ್ತೆ ಅಗೆಯದ ತಿಂಗಳು ಯಾವುದಾದರೂ ಇದ್ದರೆ ಹೇಳಿ ನೋಡೋಣ! ಒಮ್ಮೆ ಚರಂಡಿಗೆ ಅಗೆತ, ಒಮ್ಮೆ ಕರೆಂಟಿಗೆ, ಒಮ್ಮೆ ಗ್ಯಾಸ್ ಪೈಪಿಗೆ. ಈ ಸಲ ನೀರಿನ ಪೈಪಿಗೆ. ಅಗೆಯುವವರು ಅಗೆದು ಹೋಗುತ್ತಾರೆ, ಮುಚ್ಚುವವರು ಅರ್ಧಂಬರ್ಧ ಮುಚ್ಚಿ ಹೋಗುತ್ತಾರೆ, ಗಾಡಿ ಓಡಿಸುವವರು ಇಬ್ಬರಿಗೂ ಸೇರಿಸಿ ಬೈಯುತ್ತಾರೆ.

ಆ ದಿನ ಅಲ್ಲಿ ಅಗೆಯುತ್ತಿದ್ದವನು ಹಣಮಂತ. ಕುಷ್ಟಗಿ ಕಡೆಯವನು. ಹೆಂಡತಿ, ಮಗಳ ಜೊತೆ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಹದಿನಾಲ್ಕು ವರ್ಷದಿಂದ ಇದೇ ದಾಸರಹಳ್ಳಿಯಲ್ಲಿದ್ದಾನೆ. ಕೆಲಸಕ್ಕೆ ಗಟ್ಟಿಗ. ಆದರೆ ಅವತ್ತು ಕೈ ಇಲ್ಲಿತ್ತು, ಮನಸ್ಸು ಬಸ್ ಸ್ಟಾಪಿನ ಪಕ್ಕದ ಶ್ಯಾಮಲಾ ಅವರ ಸೈಬರ್ ಸೆಂಟರಿನಲ್ಲಿತ್ತು. ಮಗಳು ಭಾಗ್ಯಶ್ರೀ ಗೆಳತಿ ಶಶಿಕಲಾಳ ಜೊತೆ ನರ್ಸಿಂಗ್ ಸೀಟಿಗೆ ಅರ್ಜಿ ಹಾಕಲು ಅಲ್ಲಿಗೆ ಹೋಗಿದ್ದಳು. ಅದಕ್ಕೆ ಅಂದೇ ಕೊನೆಯ ದಿನ, ಸಂಜೆ ಐದಕ್ಕೆ ಮುಗಿಯುತ್ತಿತ್ತು. ಊರಿನಿಂದ ಆದಾಯ ಪ್ರಮಾಣಪತ್ರ ಬಂದದ್ದೇ ಹಿಂದಿನ ಸಂಜೆ. ಅರ್ಜಿ ಹೋಯಿತೋ ಇಲ್ಲವೋ ಎಂಬ ಚಡಪಡಿಕೆಯಲ್ಲೇ ಹಣಮಂತ ರಸ್ತೆ ಒಡೆಯುವ ಮಷಿನ್ ಹಿಡಿದಿದ್ದ.

ಹನ್ನೊಂದೂವರೆ ಆಗಿರಬೇಕು. ಮಷಿನ್ನಿನ ಮೊನೆಗೆ ಏನೋ ಮೆತ್ತಗೆ ತಗಲಿ ಪಟಕ್ಕನೆ ಹರಿಯಿತು. ಬಗ್ಗಿ ಮಣ್ಣು ಸರಿಸಿದರೆ ಬೆರಳು ದಪ್ಪದ ಕಪ್ಪು ಕೇಬಲ್ ಎರಡು ತುಂಡು. ಒಳಗಿನಿಂದ ಕೂದಲಿನಂಥ ಬಣ್ಣಬಣ್ಣದ ಎಳೆಗಳು ಹೊರಗೆ ಬಂದಿದ್ದವು. ಎರಡು ತಿಂಗಳ ಹಿಂದೆ ಬೇರೆ ರಸ್ತೆಯಲ್ಲಿ ಒಬ್ಬ ಹೀಗೇ ಕೇಬಲ್ ಕಡಿದಾಗ ಮೇಸ್ತ್ರಿ ಮರೆಪ್ಪ ಅವನನ್ನು ಮಧ್ಯಾಹ್ನಕ್ಕೇ ಕೆಲಸದಿಂದ ಓಡಿಸಿದ್ದ.

ಹಣಮಂತ ಸುತ್ತ ನೋಡಿದ. ಮರೆಪ್ಪ ದೂರದಲ್ಲಿ ಫೋನಿನಲ್ಲಿ ಕಿರುಚಾಡುತ್ತಿದ್ದ. ಉಳಿದವರು ಆ ತುದಿಯಲ್ಲಿ ಪೈಪ್ ಇಳಿಸುತ್ತಿದ್ದರು. ಹಣಮಂತ ಊರಿನಲ್ಲಿ ಪಂಪ್‌ಸೆಟ್ಟಿನ ವೈರು ಎಷ್ಟು ಸಲ ಜೋಡಿಸಿಲ್ಲ! ಹಲ್ಲಿನಿಂದ ಕಚ್ಚಿ ಸಿಪ್ಪೆ ಬಿಡಿಸಿದ. ಕೆಂಪಿಗೆ ಕೆಂಪು, ಹಸಿರಿಗೆ ಹಸಿರು ಹೊಂದಿಸಿ ಎಳೆಗಳನ್ನು ತಿರುಚಿ ಗಂಟು ಹಾಕಿದ. ಮೇಲೆ ಕಪ್ಪು ಟೇಪು ಆರು ಸುತ್ತು ಸುತ್ತಿದ. ತಾಮ್ರವೇ ಕಾಣಲಿಲ್ಲವಲ್ಲ ಎಂದು ಒಂದು ಗಳಿಗೆ ಅನುಮಾನ ಬಂತು. ಯಾವುದೋ ಹಳೇ ಟೀವಿ ಕೇಬಲ್ ಇರಬೇಕು ಬಿಡು ಎಂದುಕೊಂಡು ಮಣ್ಣು ಎಳೆದು ತುಳಿದುಬಿಟ್ಟ.

"ಏನಾತಲೇ, ಮಷಿನ್ ಯಾಕ ನಿಂತೈತಿ?" ಎಂದು ಮರೆಪ್ಪ ಅಲ್ಲಿಂದಲೇ ಕೂಗಿದ.

"ಏನಿಲ್ರಿ ಮೇಸ್ತ್ರಿ, ಕಲ್ಲು ಅಡ್ಡ ಬಂತು."

ಸ್ವಲ್ಪ ಹೊತ್ತಿಗೆ ಬೀದಿಯ ಚಹರೆಯೇ ಬದಲಾಯಿತು. ಮನೆಯಿಂದ ಕೆಲಸ ಮಾಡುವ ಹುಡುಗರು ಬಾಲ್ಕನಿಗೆ ಬಂದು ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದು ನಿಂತರು, ಅಲ್ಲಿ ಯಾರೋ ಬುಟ್ಟಿಯಲ್ಲಿ ನೆಟ್ಟು ಸುರಿಯುತ್ತಾರೆ ಅನ್ನುವ ಹಾಗೆ. ಹೋಟೆಲಿನವನು "ಚಿಲ್ರೆ ಕೊಡಿ ಸಾರ್, ಸ್ಕ್ಯಾನ್ ಆಗ್ತಿಲ್ಲ" ಎಂದು ಕಂಡಕಂಡವರ ಹತ್ತಿರ ಹಲ್ಲುಕಿರಿಯುತ್ತಿದ್ದ. ಹಣಮಂತ ಹೆಂಡತಿಗೆ ಫೋನ್ ಮಾಡಿ ನೋಡಿದ. ಸಿಗ್ನಲ್ ಕಡ್ಡಿ ಪೂರ್ತಿ ಇತ್ತು, ಕಾಲ್ ಮಾತ್ರ ಹೋಗಲಿಲ್ಲ. ಇದ್ಯಾವ ಪೀಡೆ ಎಂದು ಅವನೂ ಬೈದುಕೊಂಡ!

ಒಂದೂವರೆಗೆ ಇಂಟರ್ನೆಟ್ ಕಂಪನಿಯ ಲೈನ್ ಕೆಲಸದ ಶ್ರೀಧರ್ ಬೈಕಿನಲ್ಲಿ ಬಂದಿಳಿದ. ಹೆಗಲಲ್ಲಿ ಹಳದಿ ಪೆಟ್ಟಿಗೆ, ಮುಖದ ತುಂಬ ಬೆವರು.

"ಅಣ್ಣ, ಅಗಿಯೋವಾಗ ನಿಮ್ಮಲ್ಲಿ ಯಾರಿಗಾದ್ರೂ ಕಪ್ಪು ಕೇಬಲ್ ಸಿಕ್ತಾ? ಬೆಳಕು ಬಿಟ್ಟು ನೋಡೋ ಮಷಿನ್ ಇದೆ ನನ್ ಹತ್ರ. ಇಲ್ಲೇ ಎಲ್ಲೋ ನೂರು ಮೀಟರ್ ಒಳಗೆ ತುಂಡಾಗಿದೆ ಅಂತ ತೋರಿಸ್ತಿದೆ. ಆದ್ರೆ ಉದ್ದಕ್ಕೂ ಹೊಸ ಮಣ್ಣು ಮುಚ್ಚಿಬಿಟ್ಟಿದ್ದೀರ. ಎಲ್ಲಿ ಅಂತ ಅಗೀಲಿ?"

ಎಲ್ಲರೂ ಇಲ್ಲವೆಂದು ತಲೆಯಾಡಿಸಿದರು. ಹಣಮಂತನೂ ಆಡಿಸಿದ. ಸುಮ್ಮನಿದ್ದರೆ ಮುಖ ನೋಡಿಯೇ ಸಿಕ್ಕಿಬೀಳುತ್ತೇನೆಂದು ಒಂದು ಮಾತನ್ನೂ ಸೇರಿಸಿದ. "ನೆಟ್ಟು ಟವರ್‌ನಾಗಿಂದ ಬರತೈತಲ್ರಿ ಅಣ್ಣಾರ, ನೆಲದಾಗ ಏನ್ ಹುಡುಕ್ತೀರಿ?"

"ಎಲ್ಲಾರೂ ಹಂಗೇ ಅನ್ಕೊಂಡಿದ್ದಾರೆ ಅಣ್ಣ" ಎನ್ನುತ್ತ ಶ್ರೀಧರ್ ಒಂದು ಕಡೆ ಗುದ್ದಲಿ ಹಾಕಿದ. "ನಿಮ್ ಫೋನಿಂದ ಟವರ್ ತನಕ ಮಾತ್ರ ಗಾಳೀಲಿ. ಟವರ್ ಬುಡದಿಂದ ಆಚೆಗೆ ಬಹಳ ಕಡೆ ಕೇಬಲ್ಲೇ. ಈ ಏರಿಯಾ ಟವರ್‌ಗೂ ಇದೇ ಕೇಬಲ್. ಅದಕ್ಕೇ ನೋಡಿ, ಕಡ್ಡಿ ಪೂರ್ತಿ ಇದೆ, ಒಂದ್ ಮೆಸೇಜೂ ಹೋಗ್ತಿಲ್ಲ."

ಹಣಮಂತ ಬಸ್ ಸ್ಟಾಪಿನ ಕಡೆ ನೋಡಿದ. ಹಾಗಾದರೆ ಸೈಬರ್ ಸೆಂಟರು?

"ಅಲ್ರಿ ಅಣ್ಣಾರ" ಎಂದು ಮೆಲ್ಲಗೆ ಕೇಳಿದ, "ಈಗ ಒಂದ್ ಅರ್ಜಿ ಕಳಸ್ತಾರ ಅಂತ ತಿಳೀರಿ. ಅದು ಹೆಂಗ ಹೋಗತೈತ್ರಿ?"

"ಮನೆ ತಾರಸಿಗೆ ಮೋಲ್ಡ್ ಹಾಕೋ ದಿನ ಕಾಂಕ್ರೀಟ್ ಹೆಂಗ್ ಸಾಗಿಸ್ತೀರ?"

"ಸಾಲಾಗಿ ನಿಂತು ಬಾಂಡ್ಲಿ ಕೈಯಿಂದ ಕೈಗೆ ದಾಟಸ್ತೀವ್ರಿ."

"ಅಷ್ಟೇ ಕಣಣ್ಣ! ಮಾರ್ಕ್ಸ್ ಕಾರ್ಡ್ ಫೋಟೋನ ಕಂಪ್ಯೂಟರ್ ಇಡಿಯಾಗಿ ಕಳಿಸಲ್ಲ, ನೂರಾರು ಚೂರು ಮಾಡುತ್ತೆ. ಒಂದೊಂದು ಚೂರಿನ ಮೇಲೂ ಎಲ್ಲಿಂದ, ಎಲ್ಲಿಗೆ, ಎಷ್ಟನೇದು ಅಂತ ಬರೆದಿರುತ್ತೆ. ದಾರೀಲಿ ರೌಟರ್ ಅನ್ನೋ ಪೆಟ್ಟಿಗೆಗಳು ನಿಂತಿರ್ತವೆ. ಒಳಗೇನಿದೆ ಅಂತ ಅವು ಕೇಳಲ್ಲ. ವಿಳಾಸ ನೋಡ್ತವೆ, ಪಕ್ಕದ ಪೆಟ್ಟಿಗೆಗೆ ದಾಟಿಸ್ತವೆ."

"ನಡಕ ಒಂದ್ ಬಾಂಡ್ಲಿ ಬಿದ್ರ?"

"ಆ ಕಡೆ ಕಂಪ್ಯೂಟರ್ ನಂಬರ್ ಪ್ರಕಾರ ಜೋಡಿಸ್ತಾ ಇರುತ್ತೆ. ನಲವತ್ತನೇ ಚೂರು ಬಂದಿಲ್ಲ ಅಂದ್ರೆ, ಅದೊಂದನ್ನ ಇನ್ನೊಂದ್ಸಲ ಕಳಿಸು ಅಂತ ಕೇಳುತ್ತೆ. ಎಲ್ಲಾ ಸೇರಿದ್ಮೇಲೇ ಅರ್ಜಿ ಸಿಕ್ತು ಅಂತ ವಾಪಸ್ ಹೇಳೋದು. ಅರ್ಧ ಹೋದ್ರೆ ಹೋದಂಗಲ್ಲ."

ಹಣಮಂತನಿಗೆ ಒಂದು ಆಸೆ ಚಿಗುರಿತು. "ಒಂದ್ ರಸ್ತಾ ಬಂದಾದ್ರ ಇನ್ನೊಂದ್ ರಸ್ತಾದಾಗ ಹೋಗಬಹುದಲ್ರಿ?"

"ದೊಡ್ಡ ದಾರಿಗಳಲ್ಲಿ ಹೋಗುತ್ತೆ. ತುಮಕೂರು ರೋಡ್ ಕಡೆ ತೊಂದ್ರೆ ಆದ್ರೆ ಮಾಗಡಿ ರೋಡ್ ಕಡೆಯಿಂದ ಸುತ್ಕೊಂಡು ಹೋಗುತ್ತೆ, ನಿಮಗೆ ಗೊತ್ತೂ ಆಗಲ್ಲ. ಆದ್ರೆ ಈ ಗಲ್ಲಿಗಳಿಂದ ದೊಡ್ಡ ದಾರಿ ಸೇರೋಕೆ ಇರೋದೇ ಇದೊಂದು ಕೇಬಲ್. ಇದೇ ಕಟ್ಟಾದ್ರೆ ಎಲ್ಲಿಂದ ಸುತ್ಕೊಂಡು ಹೋಗ್ಬೇಕು?"

ಇಷ್ಟು ಹೇಳಿ ಶ್ರೀಧರ್ ಅಗೆದ ಗುಂಡಿಯಲ್ಲಿ ಏನೂ ಸಿಗಲಿಲ್ಲ. ಹತ್ತು ಹೆಜ್ಜೆ ಆಚೆ ಇನ್ನೊಂದು ಅಗೆದ. ಅಲ್ಲೂ ಇಲ್ಲ. ಗಂಟು ಹಾಕಿದ ಜಾಗ ಹಣಮಂತನ ಕಾಲ ಬುಡದಲ್ಲೇ ಇತ್ತು. ಹೇಳಲೇ ಬೇಡವೇ, ಹೇಳಿದರೆ ನಾಳೆಯಿಂದ ಕೆಲಸ ಎಲ್ಲಿ, ಹೇಳದಿದ್ದರೆ ಮಗಳ ಗತಿ ಏನು? ಸಲಿಕೆ ಹಿಡಿದ, ಇಟ್ಟ, ಮತ್ತೆ ಹಿಡಿದ. ಗಂಟೆ ಎರಡೂಮುಕ್ಕಾಲಾಯಿತು.

ಅಷ್ಟರಲ್ಲಿ ಭಾಗ್ಯಶ್ರೀಯೇ ಓಡಿಬಂದಳು. ಎದೆಗೆ ಫೈಲು ಅವಚಿಕೊಂಡಿದ್ದಳು, ಕಣ್ಣು ಕೆಂಪಾಗಿತ್ತು.

"ಅಪ್ಪಾ, ಅರ್ಧ ಅಪ್‌ಲೋಡ್ ಆಗಿ ನಿಂತುಬಿಟ್ಟೈತಿ! ಈಗ ಬರತೈತಿ, ಆಗ ಬರತೈತಿ ಅಂತ ಕುಂತೆ. ಆಮ್ಯಾಲೆ ಜಾಲಹಳ್ಳಿಗೆ ಓಡಿ ಹೋದೆ. ಅಲ್ಲಿ ಸೈಬರ್‌ನಾಗ ರಸ್ತೆ ತನಕ ಸಾಲು ಐತಿ, ಇವತ್ತು ಸರದಿ ಬರಂಗಿಲ್ಲ ಅಂದ್ರು. ಶಶಿಕಲಾನೂ ನನ್ನ ಜೋಡಿ ಬೆಳಿಗ್ಗಿಂದ ಕುಂತಿದ್ಲು. ಫ್ಯಾಕ್ಟರಿಯಾಗ ಎರಡರ ಶಿಫ್ಟ್ ಐತಿ ಅಂತ ಒಂದೂವರೆಗೆ ಎದ್ದು ಹೋದ್ಲು." ಶ್ರೀಧರ್ ಕಡೆ ತಿರುಗಿದಳು. "ಅಣ್ಣ, ಐದರೊಳಗೆ ಬರುತ್ತಾ?"

"ಜಾಗ ಸಿಕ್ರೆ ಒಂದೂವರೆ ಗಂಟೆ ಕೆಲ್ಸ ತಾಯಿ. ಜಾಗ ಸಿಗ್ಬೇಕಲ್ಲ!"

ಇನ್ನು ತಡೆಯಲು ಹಣಮಂತನಿಂದ ಆಗಲಿಲ್ಲ. "ಇಲ್ಲೈತ್ರಿ" ಎಂದ. "ನಾನ ಕಡದೀನಿ. ನಾನ ಗಂಟು ಹಾಕಿ ಮುಚ್ಚೀನಿ. ಹೇಳಾಕ ಅಂಜಿದ್ನಿರಿ."

ಅಗೆದು ಟೇಪು ಬಿಚ್ಚಿದ ಶ್ರೀಧರ್‌ಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಅಯ್ಯೋ ಪುಣ್ಯಾತ್ಮ! ಇದು ತಂತಿ ಅಲ್ಲ ಅಣ್ಣ, ಗಾಜು. ಕೂದಲಿನಷ್ಟು ಸಣ್ಣ ಗಾಜಿನ ಎಳೆ. ಇದರಲ್ಲಿ ಕರೆಂಟ್ ಹರಿಯಲ್ಲ, ಬೆಳಕು ಓಡುತ್ತೆ. ಹತ್ತಿ ಆರಿ, ಹತ್ತಿ ಆರಿ, ಸೆಕೆಂಡಿಗೆ ಕೋಟಿಗಟ್ಟಲೆ ಸಲ. ಆ ಮಿಣುಕೇ ನಿಮ್ ಮಗಳ ಅರ್ಜಿ. ತಿರುಚಿದ್ರೆ ಗಾಜು ಪುಡಿ ಆಗುತ್ತೆ, ಬೆಳಕು ದಾಟಲ್ಲ. ಇದರ ತುದಿ ನೀಟಾಗಿ ಕತ್ತರಿಸಿ, ಮಷಿನ್ನಲ್ಲಿಟ್ಟು ಕರಗಿಸಿ ಬೆಸೀಬೇಕು. ಸಿಪ್ಪೆ ಏನ್ರಲ್ಲಿ ಬಿಡಿಸಿದ್ರಿ?"

"ಹಲ್ಲಾಗರಿ."

"ಹಲ್ಲಿಂದಾನಾ! ಮೊದ್ಲು ಬಾಯಿ ಮುಕ್ಕಳಿಸಿ ಉಗೀರಿ. ಚುಚ್ಚಿದಂಗಾದ್ರೆ ಡಾಕ್ಟರ್ ಹತ್ರ ಹೋಗಿ. ಗಾಜಿನ ಚೂರು ಒಳಗೆ ಹೋದ್ರೆ ಕಣ್ಣಿಗೂ ಕಾಣಲ್ಲ."

ಮರೆಪ್ಪ ಓಡಿಬಂದ. "ಲೇ ಹಣಮ್ಯಾ, ನಾಳಿಂದ ಕೆಲಸಕ್ಕ ಬರಬ್ಯಾಡ ನೀ!"

ಶ್ರೀಧರ್ ತಲೆ ಎತ್ತಲಿಲ್ಲ. ಎಳೆಗಳನ್ನು ಬಿಡಿಸುತ್ತಲೇ ಹೇಳಿದ. "ಮೇಸ್ತ್ರಿ, ಅಗಿಯೋಕೆ ಮುಂಚೆ ಇಲ್ಲಿ ಏನೇನಿದೆ ಅಂತ ನೀವು ಯಾರನ್ನಾದ್ರೂ ಕೇಳಿದ್ರಾ? ಅಗಿಯೋ ಮುನ್ನ ತಿಳಿಸೋಕೆ ಅಂತ್ಲೇ ಸರ್ಕಾರದ ಆ್ಯಪ್ ಇದೆ. ಅದರಲ್ಲಿ ಹಾಕಿದ್ರೆ ನಾವೇ ಬಂದು ಗುರುತು ಮಾಡಿ ಕೊಡ್ತಿದ್ವಿ. ಕಡಿದವರನ್ನೆಲ್ಲಾ ನೀವು ಹಿಂಗೇ ಓಡಿಸ್ತಾ ಇದ್ರೆ, ಇನ್ಮೇಲೆ ಎಲ್ಲಾರೂ ಮುಚ್ಚೇ ಇಡ್ತಾರೆ."

ಮರೆಪ್ಪ ಸ್ವಲ್ಪ ಹೊತ್ತು ಅಲ್ಲೇ ಓಡಾಡಿದ. ಆಮೇಲೆ "ಆತು, ನಾಳೆ ಬಾ" ಎಂದು ಹಣಮಂತನಿಗೆ ಗೊಣಗಿ, ಬಿಸಿಲಿಗೆ ಅಡ್ಡವಾಗಿ ತಾನೇ ಒಂದು ತಾಡಪಾಲು ಹಿಡಿದು ನಿಂತ.

ನಾಲ್ಕೂಕಾಲಿಗೆ ಕೊನೆಯ ಎಳೆ ಬೆಸೆದು ಮುಗಿಯಿತು. ಬೀದಿಯಲ್ಲಿ ಫೋನುಗಳು ಒಟ್ಟಿಗೇ ಟಿಣಿಟಿಣಿ ಎಂದವು. ಭಾಗ್ಯಶ್ರೀ ಆಗಲೇ ಓಡಿದ್ದಳು, ಹಿಂದಿನಿಂದ ಮಣ್ಣು ಮೆತ್ತಿದ ಕಾಲಿನಲ್ಲೇ ಹಣಮಂತ. ಶ್ಯಾಮಲಾ ಮತ್ತೆ ಮೊದಲಿನಿಂದ ಅರ್ಜಿ ತೆರೆದರು. ಓಟಿಪಿ ಬಂತು. ಫೋಟೋ ಹೋಯಿತು, ಮಾರ್ಕ್ಸ್ ಕಾರ್ಡು ಹೋಯಿತು, ಆದಾಯ ಪ್ರಮಾಣಪತ್ರ ಹೋಯಿತು. ಗಂಟೆ ನಾಲ್ಕೂ ನಲವತ್ತೊಂದಕ್ಕೆ ತೆರೆಯ ಮೇಲೆ ಹಸಿರು ಅಕ್ಷರ ಬಿತ್ತು: ನಿಮ್ಮ ಅರ್ಜಿ ಸ್ವೀಕೃತವಾಗಿದೆ. ಹಣಮಂತನಿಗೆ ಅಳುವೇ ಬಂದುಬಿಟ್ಟಿತು.

"ಅಕ್ಕ, ಶಶಿಕಲಾದೂ ಹಾಕಿಬಿಡಿ" ಎಂದಳು ಭಾಗ್ಯಶ್ರೀ. "ಅವಳ ಕಾಗದ ಎಲ್ಲಾ ಇಲ್ಲೇ ಸ್ಕ್ಯಾನ್ ಆಗಿದೆಯಲ್ಲ."

ಶ್ಯಾಮಲಾ ಅದನ್ನೂ ತೆರೆದರು. ತೆರೆ ಓಟಿಪಿ ಕೇಳಿತು. ಅದು ಹೋಗುವುದು ಶಶಿಕಲಾಳ ಫೋನಿಗೆ. ಆ ಫ್ಯಾಕ್ಟರಿಯಲ್ಲಿ ಫೋನನ್ನು ಗೇಟಿನಲ್ಲೇ ಕೊಟ್ಟು ಒಳಗೆ ಹೋಗಬೇಕು. ಭಾಗ್ಯಶ್ರೀ ಹತ್ತು ಸಲ ಕಾಲ್ ಮಾಡಿದಳು. ಆ ಕಡೆ ರಿಂಗಾಯಿತು, ಎತ್ತುವವರಿಲ್ಲ. ಗೇಟಿಗೆ ಓಡೋಣವೆಂದರೆ ಪೀಣ್ಯದ ಎರಡನೇ ಹಂತದ ತನಕ ಆ ಟ್ರಾಫಿಕ್ಕಿನಲ್ಲಿ ಇಪ್ಪತ್ತು ನಿಮಿಷಕ್ಕೆ ಮುಟ್ಟುವವರು ಯಾರು? ಐದು ಗಂಟೆಯಾಯಿತು. ಪುಟ ಮುಚ್ಚಿತು.

ಭಾಗ್ಯಶ್ರೀ ಅಪ್ಪನ ಕಡೆ ತಿರುಗಿದಳು. "ಎಷ್ಟು ಹೊತ್ತಿಗೆ ಕಡದಿದ್ದೀಪಾ?"

"ಹನ್ನೊಂದೂವರೆಗೆ."

"ಆವಾಗಲೇ ಹೇಳಿದ್ರ ಒಂದು ಗಂಟೇಕ ಬೆಸದು ಮುಗಸ್ತಿದ್ರು. ಆಕಿ ಎದ್ದು ಹೋಗಿದ್ದು ಒಂದೂವರೆಗೆ."

"ಹೂನವ್ವಾ" ಎಂದ ಹಣಮಂತ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಅವನು ಒಬ್ಬನೇ ಶಶಿಕಲಾಳ ಮನೆ ಬಾಗಿಲಿಗೆ ಹೋದ. ನಡೆದದ್ದನ್ನು ಒಂದೂ ಬಿಡದೆ ಹೇಳಿದ. ಅವಳು ಬಯ್ಯಲಿಲ್ಲ. "ನೀವು ಬೇಕೂಂತ ಕಡ್ದಿಲ್ಲ, ಅದು ಗೊತ್ತಾಯ್ತು" ಎಂದಳು. "ಮುಚ್ಚಿದ್ದು ಯಾಕೆ ಅಂಕಲ್? ನಂಗೀಗ ಒಂದು ವರ್ಷ ಹೋಯ್ತಲ್ಲ."

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಮೇಸ್ತ್ರಿಗಳೇ, ಮನೆ ಕಟ್ಟಿಸುವ ಯಜಮಾನರೇ! ನೆಟ್ಟು ಓಡಾಡುವುದು ನಿಮ್ಮ ಕಾಲಡಿಯಲ್ಲಿ. ಗುದ್ದಲಿ ಎತ್ತುವ ಮುನ್ನ, ಮಷಿನ್ ಚಾಲು ಮಾಡುವ ಮುನ್ನ, ಇಲ್ಲಿ ಏನಿದೆ ಎಂದು ಕೇಳಿ. ಕೇಳಿಯೂ ಕಡಿದುಹೋಯಿತೇ? ಕೆಲಸ ನಿಲ್ಲಿಸಿ. ಬರಿಗೈಯಲ್ಲಿ ಮುಟ್ಟಬೇಡಿ, ಗಂಟು ಹಾಕಬೇಡಿ, ಮಣ್ಣು ಎಳೆಯಬೇಡಿ. ಆ ಜಾಗದಲ್ಲೊಂದು ಕಲ್ಲು ನಿಲ್ಲಿಸಿ, ಕೂಡಲೇ ಹೇಳಿ. ಮೇಸ್ತ್ರಿಗಳೇ, ಹೇಳಿದವನನ್ನು ಓಡಿಸಬೇಡಿ. ಆ ದಾರಿಯಲ್ಲಿ ಯಾರ ಮಗಳ ಅರ್ಜಿ ಹೋಗುತ್ತಿರುತ್ತದೋ ನಿಮಗೆ ಗೊತ್ತಿರುವುದಿಲ್ಲ. ಹೇಳುವುದನ್ನು ಮಾತ್ರ ಒಂದು ಗಂಟೆಯೂ ತಡಮಾಡಬೇಡಿ.